ಕೆಲಸ ಇಲ್ದೆ ಒಂದ್ಸಲ ಬೆಂಗಳೂರಿಗೆ ಬನ್ನಿ

ನಮ್ಮ ಕಡೆಯೋರು ಬೆಂಗಳೂರಿಗೆ ಬರೋದೇ ಏನಾದ್ರೂ ಕೆಲಸ ಇದ್ರೆ. ಆಸ್ಪತ್ರೆಗೆ ತೋರಿಸ್ಬೇಕು, ಮಗಳಿಗೆ ಇಂಟರ್‌ವ್ಯೂ ಇದೆ, ಯಾವ್ದೋ ಆಫೀಸಲ್ಲಿ ಫೈಲು ನಿಂತೋಗಿದೆ, ಇಲ್ಲಾಂದ್ರೆ ಚೌಲ್ಟ್ರೀಲಿ ನೆಂಟರ ಮದುವೆ. ರಾತ್ರಿ ಬಸ್ಸಲ್ಲಿ ಬರ್ತಾರೆ, ಇಡೀ ದಿನ ಟ್ರಾಫಿಕ್ಕಲ್ಲಿ ಒದ್ದಾಡ್ತಾರೆ, ಮತ್ತೆ ರಾತ್ರಿ ಬಸ್ಸು ಹತ್ತಿ ವಾಪಸ್ ಹೋಗಿ, ಅಯ್ಯೋ ಆ ಊರಲ್ಲಿ ಹೆಂಗಿರ್ತೀರಪ್ಪಾ ಅಂತ ಫೋನ್ ಮಾಡ್ತಾರೆ. ಅವರು ಹೇಳೋದ್ರಲ್ಲಿ ಸುಳ್ಳೇನಿಲ್ಲ, ಅವರು ನೋಡಿರೋ ಬೆಂಗಳೂರು ಅಷ್ಟೇ. ಆದ್ರೆ ನನಗೆ ಅದನ್ನ ಕೇಳಿದಾಗೆಲ್ಲ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಇದು ಇಡೀ ಕರ್ನಾಟಕದ ರಾಜಧಾನಿ, ಬೀದರಿಂದ ಚಾಮರಾಜನಗರದ ತನಕ ಎಲ್ಲರಿಗೂ ಸೇರಿದ ಊರು, ಅಂಥದ್ರಲ್ಲಿ ನಮ್ಮವರೇ ಇದನ್ನ ಬೇರೆ ಯಾರದೋ ಊರು ಅನ್ನೋ ಥರ ಬಂದು ಕೆಲಸ ಮುಗಿಸ್ಕೊಂಡು ಓಡಿ ಹೋಗ್ತಾರಲ್ಲ ಅಂತ. ಅದಕ್ಕೇ ನೆಂಟರು, ಸ್ನೇಹಿತರು, ಅವರ ಮಕ್ಕಳು ಯಾರೇ ಫೋನ್ ಮಾಡಿದ್ರೂ ನಾನು ಹೇಳೋದು ಒಂದೇ ಮಾತು, ಏನೂ ಕೆಲಸ ಇಟ್ಕೊಳ್ದೆ ಒಂದು ಶನಿವಾರ ಭಾನುವಾರ ಸುಮ್ನೆ ಬನ್ನಿ.

ಬರೋ ಮುಂಚೆ ಒಂದು ವಿಷಯ ತಲೇಲಿಟ್ಕೊಳ್ಳಿ. ಈ ಊರಲ್ಲಿ ದೂರಾನ ಕಿಲೋಮೀಟರಲ್ಲಿ ಲೆಕ್ಕ ಹಾಕೋಕಾಗಲ್ಲ, ಗಂಟೆ ಲೆಕ್ಕದಲ್ಲೇ ಹಾಕ್ಬೇಕು, ಅದೂ ಯಾವ ಗಂಟೆ ಅನ್ನೋದ್ರ ಮೇಲೆ ಹೋಗತ್ತೆ. ಬೆಳಗ್ಗೆ ಆರಕ್ಕೆ ಹತ್ತು ನಿಮಿಷ ಹಿಡಿಯೋ ದಾರಿ ಸಂಜೆ ಆರಕ್ಕೆ ಒಂದು ಗಂಟೆ ತಗೊಳ್ಳತ್ತೆ. ಹಂಗಾಗಿ ಗೂಗಲ್‌ನಲ್ಲಿ ನೋಡಬೇಕಾದ ಜಾಗಗಳು ಅಂತ ಹುಡುಕಿ, ಬನ್ನೇರುಘಟ್ಟ, ಅರಮನೆ, ಇಸ್ಕಾನು, ವೈಟ್‌ಫೀಲ್ಡಿನ ಮಾಲು, ನಂದಿಬೆಟ್ಟ ಎಲ್ಲಾ ಎರಡು ದಿನಕ್ಕೆ ತುಂಬಿಸ್ಕೊಂಡು ಬಂದವರು ಕೊನೆಗೆ ನೋಡಿರೋದು ಮುಂದಿನ ಕಾರಿನ ಬ್ರೇಕ್ ಲೈಟು ಮಾತ್ರ. ಊರು ಅಷ್ಟಗಲ ಬೆಳೆದಿದೆ, ಅದನ್ನ ಒಂದು ವೀಕೆಂಡಲ್ಲಿ ಸುತ್ತೋದು ಇಲ್ಲಿ ಹುಟ್ಟಿದವರಿಗೂ ಆಗಲ್ಲ. ಶನಿವಾರಕ್ಕೊಂದು ಕಡೆ, ಭಾನುವಾರಕ್ಕೊಂದು ಕಡೆ, ಎರಡೂ ಮೆಟ್ರೋ ಪಕ್ಕದಲ್ಲಿ, ಉಳಿದಿದ್ದು ಕಾಲ್ನಡಿಗೆ. ಅಷ್ಟು ಸಾಕು. ಇನ್ನೊಂದು, ಬೆಳಗಿನ ಹತ್ತು ಗಂಟೆ ಒಳಗೆ ಎಷ್ಟು ನೋಡ್ತೀರೋ ಅಷ್ಟೇ ಬೆಂಗಳೂರು, ಆಮೇಲಿಂದು ಬಿಸಿಲು ಮತ್ತೆ ಹಾರ್ನು.

ರಾತ್ರಿ ಬಸ್ಸಲ್ಲಿ ಬರೋರಿಗೆ ಇದೇ ಅನುಕೂಲ ನೋಡಿ. ಐದೂವರೆ ಆರಕ್ಕೆಲ್ಲ ಮೆಜೆಸ್ಟಿಕ್ಕಲ್ಲಿ ಇಳಿಸ್ತಾರೆ, ದಿನದ ಒಳ್ಳೇ ಹೊತ್ತು ಅದು, ಆದ್ರೆ ಎಲ್ಲರೂ ಲಾಡ್ಜಿಗೆ ಹೋಗಿ ಒಂಬತ್ತರ ತನಕ ಮಲಗಿಬಿಡ್ತಾರೆ. ಮಲಗ್ಬೇಡಿ. ಗಾಂಧಿನಗರದಲ್ಲಿ ರೂಮ್ ಮಾಡಿದ್ರೆ ಬ್ಯಾಗ್ ಎಸೆದು ಮುಖ ತೊಳ್ಕೊಂಡು ಹೊರಟುಬಿಡಿ. ನಿಮ್ಮ ಬಸ್ಸು ನಿಂತಿರೋ ಜಾಗ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ ಆಗಿತ್ತು, ಪೇಟೆ ಜನಕ್ಕೆ ನೀರು ಕೊಡ್ತಿದ್ದ ಕೆರೆ, ಈಗ ಅದರ ಮೇಲೆ ಬಸ್ ಸ್ಟ್ಯಾಂಡು, ಕೆಳಗೆ ಮೆಟ್ರೋ. ಆ ಕಡೆ ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಕೆರೆಗಳನ್ನ ಕಟ್ಟಿ ಅದರ ನೀರಲ್ಲಿ ಬದುಕಿದ ಊರು ಇದು, ಪಕ್ಕದಲ್ಲಿ ನದಿ ಇಲ್ಲ, ಇದನ್ನ ಗೊತ್ತು ಮಾಡ್ಕೊಂಡು ಓಡಾಡಿದ್ರೆ ಊರು ಬೇರೆ ಥರಾನೇ ಕಾಣತ್ತೆ.

ಮೆಜೆಸ್ಟಿಕ್ ಸ್ಟೇಷನ್ನಲ್ಲಿ ಹಸಿರು ಲೈನ್ ಹಿಡೀಬೇಕು, ರೇಷ್ಮೆ ಸಂಸ್ಥೆ ಕಡೆ ಹೋಗೋ ರೈಲು. ಚಿಕ್ಕಪೇಟೆ ಆದ್ಮೇಲೆ ಕೆ.ಆರ್. ಮಾರ್ಕೆಟ್, ಅಲ್ಲಿ ಇಳ್ಕೊಳ್ಳಿ. ಶನಿವಾರ ಮೆಟ್ರೋ ಬೆಳಗ್ಗೆ ಬೇಗನೇ ಇರತ್ತೆ, ಭಾನುವಾರ ಮಾತ್ರ 7 ಗಂಟೆಗೆ ಶುರು, ಅದಕ್ಕೇ ಮಾರ್ಕೆಟ್ಟನ್ನ ಶನಿವಾರಕ್ಕೇ ಇಟ್ಕೊಳ್ಳಿ ಅನ್ನೋದು ನಾನು.

ಮಾರ್ಕೆಟ್ಟಿನ ಹೂವಿನ ಮಂಡಿ ಹೆಂಗಿರತ್ತೆ ಅಂತ ಬಾಯಲ್ಲಿ ಹೇಳೋದು ಕಷ್ಟ. ಮೊದಲು ಬರೋದು ವಾಸನೆ, ಮಲ್ಲಿಗೆ, ಸುಗಂಧರಾಜ, ಮರುಗ, ಅದರ ಜೊತೆಗೇ ಕೊಳೆತ ಎಲೆ, ಒದ್ದೆ ಗೋಣಿಚೀಲ, ಯಾರೋ ಹಚ್ಚಿದ ಊದುಬತ್ತಿ. ಕಾಲ್ಕೆಳಗೆ ಹೂವಿನ ದಂಟು ತುಳಿದೂ ತುಳಿದೂ ಜಾರ್ತಿರತ್ತೆ. ತಲೆ ಮೇಲೆ ಮೂಟೆ ಹೊತ್ತವರು ಸೈಡು ಸೈಡು ಅಂತ ಕೂಗ್ತಾ ನುಗ್ತಾರೆ, ಅವರು ನಿಲ್ಲಲ್ಲ, ನಾವೇ ಸರೀಬೇಕು. ಚೆಂಡು ಹೂವಿನ ರಾಶಿ ಸೊಂಟದೆತ್ತರ ಬಿದ್ದಿರತ್ತೆ, ಸೇವಂತಿಗೆ ಬಿಳಿ ಬೇರೆ ಹಳದಿ ಬೇರೆ, ಕನಕಾಂಬರ ಮಾತ್ರ ಸಣ್ಣ ಸಣ್ಣ ಗುಡ್ಡೆ ಯಾಕಂದ್ರೆ ಅದು ತುಟ್ಟಿ. ಒಬ್ಬ ಅಜ್ಜಿ ಕಟ್ಟಿದ ಹೂವನ್ನ ಅಳೀತಾ ಇರೋದನ್ನ ನಿಂತು ನೋಡಿ. ದಾರದ ಒಂದು ತುದಿ ಬಲಗೈ ಬೆರಳಲ್ಲಿ, ಇನ್ನೊಂದು ಕೈ ಅಗಲಕ್ಕೆ ಚಾಚಿ ಎದೆ ಮುಂದಿಂದ ಎಳೆದು ಒಂದು ಮಾರು, ಮತ್ತೆ ಒಂದು ಮಾರು, ಬಾಯಲ್ಲಿ ಲೆಕ್ಕ, ಕಣ್ಣು ಮಾತ್ರ ಮುಂದಿನ ಗಿರಾಕಿ ಮೇಲೆ. ಅಳತೆ ಮುಗಿದ್ಮೇಲೆ ಒಂದು ಗೇಣು ಜಾಸ್ತಿ ಬಿಟ್ಟೇ ಕಟ್ ಮಾಡ್ತಾರೆ, ಅದನ್ನ ಕೇಳಿ ತಗೊಳ್ಬೇಕಾಗಿಲ್ಲ. ಸ್ವಲ್ಪ ಹೊತ್ತು ಕೆಳಗಿದ್ದು ಆಮೇಲೆ ಮೆಟ್ಟಿಲು ಹತ್ತಿ ಮೇಲಿಂದ ಒಂದ್ಸಲ ಕೆಳಗೆ ನೋಡಿ, ಎಲ್ಲಾ ಬಣ್ಣ ಒಟ್ಟಿಗೆ ಕಾಣತ್ತೆ. ಫೋಟೋ ತೆಗೆಯೋರು ದಯವಿಟ್ಟು ವ್ಯಾಪಾರಕ್ಕೆ ಅಡ್ಡ ನಿಲ್ಬೇಡಿ, ಅವರಿಗೆ ಆ ಎರಡು ಗಂಟೇಲೇ ಇಡೀ ದಿನದ ದುಡಿಮೆ.

ಈ ಮಾರ್ಕೆಟ್ ಕಟ್ಟಡ 1928ರದ್ದು, ಕೃಷ್ಣರಾಜ ಒಡೆಯರ ಹೆಸರಿಂದು. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದಾಗ ಬೀದಿ ದೀಪ ಹತ್ತಿದ್ದೂ ಇದೇ ಸುತ್ತಮುತ್ತ. ಹೊರಗೆ ಬಂದ್ರೆ ಎದುರಿಗೇ ಕೋಟೆ, ಅಂದ್ರೆ ಕೋಟೇಲಿ ಉಳಿದಿರೋ ಚೂರು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗ ಮಣ್ಣಿನ ಕೋಟೆ ಇತ್ತು, ಮುಂದೆ ಹೈದರಾಲಿ ಕಲ್ಲಲ್ಲಿ ಕಟ್ಟಿಸಿದ, 1791ರ ಮಾರ್ಚ್ 21ನೇ ತಾರೀಖು ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿತು, ಆ ಜಾಗದಲ್ಲಿ ಫಲಕ ಇದೆ. ಪಕ್ಕದ ರಸ್ತೇಲಿ ಟಿಪ್ಪು ಬೇಸಿಗೆ ಅರಮನೆ, ಅದು ಪೂರ್ತಿಯಾಗಿದ್ದೂ ಅದೇ 1791ರಲ್ಲೇ. ತೇಗದ ಕಂಬ, ಕಮಾನು, ಗೋಡೆ ಮೇಲೆ ಮಾಸಿದ ಬಣ್ಣ. ಚಿಕ್ಕದು, ಅರ್ಧ ಗಂಟೆ ಸಾಕು, ಆದ್ರೆ ನನಗೆ ದೊಡ್ಡ ಬೆಂಗಳೂರು ಅರಮನೆಗಿಂತ ಇದೇ ಇಷ್ಟ. ಅದರ ಅಂಟಿಗೇ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆ ಬಾಗಿಲು ತೆಗೆಯೋ ತನಕ ದೇವಸ್ಥಾನದ ಜಗಲಿ ಮೇಲೆ ಕೂತ್ಕೋಬಹುದು.

ನಡೆಯೋಕೆ ಹುಮ್ಮಸ್ಸಿದ್ರೆ ಮಾರ್ಕೆಟ್ಟಿಂದ ಅವೆನ್ಯೂ ರೋಡ್ ಹಿಡಿದು ಉತ್ತರಕ್ಕೆ ಹೋಗಿ. ಹಳೇ ಕಾಲದ ದೊಡ್ಡಪೇಟೆ ಅದೇ. ಚಿಕ್ಕಪೇಟೆ ಅದಕ್ಕೆ ಅಡ್ಡ ಹಾಯೋ ಜಾಗದಲ್ಲಿ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಬಿಟ್ಟು, ಅವು ಉಳ್ತಾ ಹೋದ ಗೆರೇನೇ ರಸ್ತೆ ಆಯ್ತು ಅಂತ ಕತೆ. ಕತೆ ನಿಜಾನೋ ಅಲ್ವೋ ಅನ್ನೋದು ಪಕ್ಕಕ್ಕಿರ್ಲಿ, ಆ ಸರ್ಕಲ್ಲಲ್ಲಿ ನಿಂತ್ರೆ ನಾಲ್ಕೂ ದಿಕ್ಕಿಗೆ ಸಣ್ಣ ಸಣ್ಣ ರಸ್ತೆ ಇನ್ನೂ ಹಂಗೇ ಹೋಗ್ತಾವೆ. ಆ ಕಡೆ ಈ ಕಡೆ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ, ನಗರ್ತಪೇಟೆ, ತಿಗಳರಪೇಟೆ. ತಿಗಳರಪೇಟೆ ಧರ್ಮರಾಯನ ಗುಡಿಯಿಂದಾನೇ ಚೈತ್ರ ಹುಣ್ಣಿಮೆ ರಾತ್ರಿ ಕರಗ ಹೊರಡೋದು, ಹೊರಟಿದ್ದು ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗೋದು, ಆ ವೀಕೆಂಡ್ ಸಿಕ್ಕಿದ್ರೆ ಬಿಡ್ಲೇಬೇಡಿ. ಬೆಳಗ್ಗೆ ಅಂಗಡಿ ಶಟರ್ ಇನ್ನೂ ಮುಚ್ಚಿರುವಾಗ ಇಲ್ಲಿ ನಡೆದ್ರೆ ಮೇಲೆ ತಲೆ ಎತ್ತಿ ಹಳೇ ಮನೆ ಜಗಲಿ, ಮರದ ಕಂಬ ನೋಡೋಕಾಗತ್ತೆ. ಹನ್ನೊಂದಕ್ಕೆ ಬಂದ್ರೆ ಸೀರೆ ಗಂಟು ಹೊತ್ತ ಗಾಡಿ ತಪ್ಪಿಸ್ಕೊಳ್ಳೋದೇ ಕೆಲಸ.

ಈಗ ತಿಂಡಿ. ಇದು ಬೆಂಗಳೂರಿನ ಮುಖ್ಯ ವಿಷಯ, ಇಲ್ಲಿ ಜನ ದೇವಸ್ಥಾನಕ್ಕಿಂತ ನೇಮದಿಂದ ತಿಂಡಿಗೆ ಹೋಗ್ತಾರೆ. ಮಾರ್ಕೆಟ್ಟಿಂದ ಮುಂದಿನ ಸ್ಟೇಷನ್ನು ನ್ಯಾಷನಲ್ ಕಾಲೇಜು, ಅಲ್ಲಿ ಇಳಿದ್ರೆ ಬಸವನಗುಡಿ, ಗಾಂಧಿಬಜಾರು, ಶಂಕರಪುರಂ ಎಲ್ಲಾ ನಡೆಯೋ ದೂರ. ವಿದ್ಯಾರ್ಥಿ ಭವನ ಅನ್ನೋ ಹೋಟ್ಲು 1943ರಿಂದ ಗಾಂಧಿಬಜಾರಲ್ಲೇ ಇದೆ. ವೀಕೆಂಡಲ್ಲಿ ಹೊರಗೆ ಜನ ತುಂಬಿರ್ತಾರೆ, ಹೆಸರು ಬರೆಸಿ ನಿಲ್ಬೇಕು. ನಿಂತ್ಕೊಳ್ಳಿ, ನಿಲ್ಲೋದು ದಂಡ ಆಗಲ್ಲ. ಒಳಗೆ ಹೋದ್ರೆ ಗೋಡೆ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳು, ಪಕ್ಕದಲ್ಲಿ ಗುರುತಿಲ್ಲದವರು ಬಂದು ಕೂರ್ತಾರೆ, ಪಂಚೆ ಉಟ್ಟ ಸಪ್ಲೈಯರ್ ಒಬ್ಬರು ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ದೋಸೆ ಒಂದರ ಮೇಲೊಂದು ಪೇರಿಸ್ಕೊಂಡು, ಇನ್ನೊಂದು ಕೈಯಲ್ಲಿ ಇಳಿಸ್ಕೊಂಡು ಹೋಗ್ತಾರೆ, ಯಾವ ತಟ್ಟೇನೂ ಅಲ್ಲಾಡಲ್ಲ. ದೋಸೆ ತೆಳ್ಳಗಿನ ಪೇಪರ್ ದೋಸೆ ಅಲ್ಲ, ದಪ್ಪ, ಹೊರಗೆ ಕಂದು ಬಣ್ಣಕ್ಕೆ ತಿರುಗಿ ಗರಿಗರಿ, ಮುರಿದ್ರೆ ಒಳಗೆ ಮೆತ್ತಗೆ. ಚಟ್ನಿ ತುಂಬಾ ನೀರಾಗಿರತ್ತೆ, ಅದನ್ನ ಪಾತ್ರೆಯಿಂದ ತಟ್ಟೆಗೇ ಸುರೀತಾರೆ, ದೋಸೆ ಅಂಚು ಅದರಲ್ಲಿ ನೆನೀತಾ ಹೋಗತ್ತೆ, ಹಂಗಾಗಿ ಗರಿ ಇರೋ ಅಂಚು ಮೊದಲು ತಿಂದು ನೆನೆದಿದ್ದನ್ನ ಆಮೇಲೆ ತಿನ್ಬೇಕು ಅನ್ನೋದು ನನ್ನ ಅಭ್ಯಾಸ. ಸಾಂಬಾರ್ ಕೇಳ್ಬೇಡಿ. ಶುಕ್ರವಾರ ರಜಾ, ಅದು ನಿಮಗೆ ತೊಂದರೆ ಇಲ್ಲ.

ಕ್ಯೂ ನೋಡಿ ಮನಸ್ಸು ಬರ್ಲಿಲ್ಲ ಅಂದ್ರೆ ಶಂಕರಮಠದ ಹತ್ತಿರ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ, 1965ರಿಂದ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ, ಅಷ್ಟೇ. ಇಲ್ಲೂ ಸಾಂಬಾರ್ ಇಲ್ಲ, ಚಟ್ನಿ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ. ಕೂರೋಕೆ ಜಾಗ ಇಲ್ಲ, ಫುಟ್‌ಪಾತ್ ಮೇಲೆ ತಟ್ಟೆ ಹಿಡ್ಕೊಂಡು ನಿಂತು ತಿನ್ಬೇಕು, ಪಕ್ಕದಲ್ಲಿ ಕಾರಲ್ಲಿ ಬಂದ ಡಾಕ್ಟ್ರೂ ನಿಂತಿರ್ತಾರೆ, ಪೇಪರ್ ಹಾಕೋ ಹುಡುಗನೂ ನಿಂತಿರ್ತಾನೆ. ಈ ನಿಂತು ತಿನ್ನೋ ದರ್ಶಿನಿ ಸಂಸ್ಕೃತಿ ಬೆಂಗಳೂರಿಂದೇ, ನನಗೆ ಈ ಊರಲ್ಲಿ ಬಹಳ ಹೆಮ್ಮೆ ಅನ್ನಿಸೋದ್ರಲ್ಲಿ ಇದೂ ಒಂದು. ಎಂಟಿಆರ್ ಹೋಟ್ಲ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ, 1924ರಲ್ಲಿ ಶುರುವಾಗಿದ್ದು, ಎರಡನೇ ಮಹಾಯುದ್ಧದ ಟೈಮಲ್ಲಿ ಅಕ್ಕಿ ಸಿಗ್ದೇ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿ ರವೆ ಇಡ್ಲಿ ಆಗಿದ್ದು ಅಲ್ಲೇ. ಅದು ಲಾಲ್‌ಬಾಗ್ ಪಕ್ಕದಲ್ಲೇ ಇರೋದ್ರಿಂದ ಅದನ್ನ ಲಾಲ್‌ಬಾಗ್ ಜೊತೆ ಸೇರಿಸ್ಕೊಳ್ಳಿ. ಒಂದೇ ಬೆಳಗ್ಗೆ ಮೂರೂ ಕಡೆ ತಿನ್ನೋಕೆ ಹೋಗ್ಬೇಡಿ, ಹೊಟ್ಟೆ ಕೆಟ್ರೆ ವೀಕೆಂಡೇ ಹೋಯ್ತು.

ಬಸವನಗುಡೀಲಿ ಸುಮ್ನೆ ನಡೀರಿ. 1898ರಲ್ಲಿ ಪೇಟೇಲಿ ಪ್ಲೇಗು ಬಂತು, ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸತ್ರು, ಆಗ ಊರ ಹೊರಗೆ ಗಾಳಿ ಬೆಳಕು ಇರೋ ಹಂಗೆ ಅಗಲ ರಸ್ತೆ ಬಿಟ್ಟು ಎರಡು ಬಡಾವಣೆ ಮಾಡಿದ್ರು, ಇತ್ತ ಬಸವನಗುಡಿ, ಅತ್ತ ಮಲ್ಲೇಶ್ವರಂ. ಬೆಳಗ್ಗೆ ಪೇಟೆ ಗಲ್ಲೀಲಿ ನಡೆದು ಬಂದು ಆಮೇಲೆ ಇಲ್ಲಿ ನಡೆದ್ರೆ ಆ ಮಾತು ಪುಸ್ತಕ ಓದದೇ ಅರ್ಥ ಆಗತ್ತೆ, ಅಲ್ಲಿ ಎರಡು ಕೈ ಚಾಚಿದ್ರೆ ಗೋಡೆ, ಇಲ್ಲಿ ರಸ್ತೆ ಎರಡೂ ಕಡೆ ಮರ. ದೊಡ್ಡ ಬಸವನ ಗುಡೀಲಿ ಒಂದೇ ಕಲ್ಲಲ್ಲಿ ಕಡೆದ ಬಸವ ಇದ್ದಾನೆ, ಎತ್ತರ ಸುಮಾರು 15 ಅಡಿ, ಬೆಣ್ಣೆ ಎಣ್ಣೆ ಸವರಿ ಸವರಿ ಕಪ್ಪಗಾಗಿದ್ದಾನೆ. ಕೆಳಗೆ ದೊಡ್ಡ ಗಣಪತಿ. ಕಾರ್ತಿಕದ ಕೊನೇ ಸೋಮವಾರ ಇಲ್ಲೇ ಕಡಲೆಕಾಯಿ ಪರಿಷೆ, ಹಿಂದಿನ ಭಾನುವಾರಾನೇ ರಸ್ತೆ ಪೂರ್ತಿ ಕಡಲೆಕಾಯಿ ರಾಶಿ. ಸ್ವಲ್ಪ ದೂರದಲ್ಲಿ ಗವಿ ಗಂಗಾಧರೇಶ್ವರ, ಸಂಕ್ರಾಂತಿ ದಿನ ಸಂಜೆ ಸೂರ್ಯನ ಬೆಳಕು ಬಸವನ ಕೊಂಬಿನ ಮಧ್ಯೆ ಹಾದು ಗವಿ ಒಳಗಿನ ಲಿಂಗಕ್ಕೆ ಬೀಳೋ ದೇವಸ್ಥಾನ. ಬೇರೆ ದಿನ ಹೋದ್ರೆ ಅಂಗಳದಲ್ಲಿರೋ ಆ ದೊಡ್ಡ ಕಲ್ಲಿನ ತಟ್ಟೆಗಳನ್ನ ಸಮಾಧಾನವಾಗಿ ನೋಡ್ಬಹುದು. ಗಾಂಧಿಬಜಾರಲ್ಲಿ ಅಂಕಿತ ಪುಸ್ತಕಕ್ಕೆ ಹೋಗದೇ ವಾಪಸ್ ಬರ್ಬೇಡಿ, ಕನ್ನಡ ಪುಸ್ತಕ ಮಾತ್ರ ತುಂಬಿರೋ ಅಂಗಡಿ ಎಷ್ಟು ಊರಲ್ಲಿದೆ ಹೇಳಿ.

ಲಾಲ್‌ಬಾಗು ಬಹಳ ಜನ ಸಿನಿಮಾದಲ್ಲಿ ನೋಡಿರ್ತಾರೆ, ಫ್ಲವರ್ ಶೋ ಟೈಮಲ್ಲಿ ಬಂದಿರ್ತಾರೆ. ಫ್ಲವರ್ ಶೋ ಗಣರಾಜ್ಯೋತ್ಸವ ಮತ್ತೆ ಸ್ವಾತಂತ್ರ್ಯ ದಿನದ ಆಸುಪಾಸಲ್ಲಿ ಇರತ್ತೆ, ನಾನಂತೂ ಆಗ ಹೋಗಲ್ಲ, ಹೂವಿಗಿಂತ ತಲೆಗಳೇ ಜಾಸ್ತಿ. ಬೇರೆ ಯಾವಾಗಾದ್ರೂ ಬನ್ನಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ, ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಆದ್ರೆ ನನ್ನ ಪ್ರಕಾರ ಅಲ್ಲಿ ನೋಡಬೇಕಾಗಿರೋದು ಬಂಡೆ. ಕೆಂಪೇಗೌಡರ ಗೋಪುರ ಇರೋ ಆ ಗುಡ್ಡ ಸುಮಾರು 300 ಕೋಟಿ ವರ್ಷದ ಹಿಂದಿನ ಕಲ್ಲು. ಮಕ್ಕಳು ಅದರ ಮೇಲೆ ಜಾರುಬಂಡೆ ಆಡ್ತಿರ್ತಾರೆ. ಸಾಗರದಿಂದ ನಮ್ಮ ಚಿಕ್ಕಮ್ಮ ಬಂದಿದ್ದಾಗ ಅವರನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಮಂಡಿ ನೋವು ಅಂತ ಗೊಣಗ್ತಾನೇ ಹತ್ತಿದ್ರು, ಮೇಲೆ ಹೋಗಿ ಗಾಳಿಗೆ ಸೆರಗು ಹಿಡ್ಕೊಂಡು ನಿಂತವರು ಸುಮಾರು ಹೊತ್ತು ಮಾತಾಡ್ಲಿಲ್ಲ. ಅವರು ಅದಕ್ಕೂ ಮುಂಚೆ ಬೆಂಗಳೂರಿಗೆ ಬರ್ತಿದ್ದಿದ್ದು ಚಿಕ್ಕಪ್ಪನ ಟ್ರೀಟ್‌ಮೆಂಟಿಗೆ, ಆಸ್ಪತ್ರೆ ಕಾರಿಡಾರು, ಮೆಡಿಕಲ್ ಶಾಪು, ಬಸ್ ಸ್ಟ್ಯಾಂಡು, ಇಷ್ಟೇ ಅವರ ಬೆಂಗಳೂರು. ಬಂಡೆ ಮೇಲೆ ಕೂತ್ಕೊಂಡು, ಈ ಊರಲ್ಲಿ ಇಷ್ಟು ಮರ ಇದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲೋ, ಅಂದ್ರು. ಆಮೇಲೆ ಕೆಳಗಿಳಿದು ಒಂದೊಂದು ಮರದ ಬೋರ್ಡನ್ನೂ ಓದ್ಕೊಂಡು, ಇದು ನಮ್ಮ ತೋಟದಲ್ಲೂ ಇದೆ, ಇದಿಲ್ಲ, ಇದರ ಸಸಿ ಸಿಗತ್ತಾ, ಅಂತ ಕೇಳ್ತಾ ಮಧ್ಯಾಹ್ನ ಮಾಡಿಬಿಟ್ರು. ನಾನು ಈ ಬರಹ ಬರೀತಾ ಇರೋದೇ ಅವತ್ತಿನ ಅವರ ಮಾತು ಮನಸ್ಸಲ್ಲಿ ಉಳಿದಿರೋದ್ರಿಂದ.

ಊರಲ್ಲಿ ಒಂದಲ್ಲಾ ಒಂದು ಮರ ಯಾವ ತಿಂಗಳಲ್ಲೂ ಹೂ ಬಿಟ್ಟಿರೋ ಹಂಗೆ ಯೋಚನೆ ಮಾಡಿ ನೆಟ್ಟವರು ಕ್ರುಂಬಿಗಲ್, ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡ್ಕೊಂಡು ಇಲ್ಲೇ 1956ರಲ್ಲಿ ತೀರ್ಕೊಂಡ್ರು. ಚಳಿಗಾಲ ಮುಗೀತಾ ಬಂದಾಗ ಗುಲಾಬಿ ಬಣ್ಣದ ಟಬೂಬಿಯಾ, ಅದಾದ್ಮೇಲೆ ನೀಲಿ ಜಕರಂಡ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್. ಬರೋಕೆ ಯಾವ ತಿಂಗಳು ಒಳ್ಳೇದು ಅಂತ ಕೇಳಿದ್ರೆ ನಾನು ಹೇಳೋದು ಜನವರಿಯಿಂದ ಮಾರ್ಚ್, ಮಳೆ ಕಾಟ ಇಲ್ಲ, ಅವರೆಕಾಯಿ ಕಾಲಾನೂ ಸಿಗತ್ತೆ. ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಸಂಜೆ ಜೋರು ಮಳೆ ಬಂದ್ರೆ ಅಂಡರ್‌ಪಾಸುಗಳ ಹತ್ತಿರ ಹೋಗ್ಬೇಡಿ, ಮೆಟ್ರೋ ಸ್ಟೇಷನ್ನಲ್ಲೇ ನಿಂತ್ಕೊಳ್ಳಿ.

ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ನಿಜವಾಗ್ಲೂ. ರಾತ್ರಿ ಬಸ್ಸಲ್ಲಿ ನಿದ್ದೆ ಆಗಿರಲ್ಲ, ಬಿಸಿಲಲ್ಲಿ ತಿರುಗಿ ಸಿಟ್ಟು ಮಾಡ್ಕೊಂಡು ಮನೆಯೋರ ಮೇಲೆ ರೇಗೋದು ಬೇಡ.

ಸಂಜೆಗೆ ಎರಡು ದಾರಿ. ಒಂದು ವಿ.ವಿ. ಪುರಂ ತಿಂಡಿ ಬೀದಿ, ಸಜ್ಜನ್‌ರಾವ್ ಸರ್ಕಲ್ ಹತ್ತಿರ, ಕತ್ತಲಾದ್ಮೇಲೆ ಜೀವ ಬರೋ ಬೀದಿ. ದೋಸೆ, ಪಡ್ಡು, ಹೋಳಿಗೆ, ಮಸಾಲೆ ಪುರಿ, ಅವರೆಕಾಯಿ ಕಾಲದಲ್ಲಿ ಅವರೆಬೇಳೆದು ಏನೇನೋ. ಅಲ್ಲೇ ವಿಬಿ ಬೇಕರೀಲಿ ಕಾಂಗ್ರೆಸ್ ಅನ್ನೋ ಮಸಾಲೆ ಕಡ್ಲೆಬೀಜ, ಖಾರಾ ಬನ್ನು ಕಟ್ಟಿಸ್ಕೊಳ್ಳಿ, ಊರಿಗೆ ತಗೊಂಡೋಗೋಕೆ ಮೈಸೂರು ಪಾಕಿಗಿಂತ ಇದೇ ಸರಿ. ಇನ್ನೊಂದು ದಾರಿ, ನನ್ನ ಓಟು ಇದಕ್ಕೇ, ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ಕನಸನ್ನ ಅರುಂಧತಿ ನಾಗ್ ಮುಂದೆ ನಿಂತು 2004ರಲ್ಲಿ ನನಸು ಮಾಡಿದ ಜಾಗ. ನಾಟಕ ಹೇಳಿದ ಟೈಮಿಗೆ ಶುರುವಾಗತ್ತೆ, ಒಂದು ನಿಮಿಷ ಲೇಟಾದ್ರೂ ಒಳಗೆ ಬಿಡಲ್ಲ, ಟ್ರಾಫಿಕ್ ನೆಪ ಹೇಳೋ ಹಂಗಿಲ್ಲ. ಇಡೀ ಬೆಂಗಳೂರಲ್ಲಿ ಟೈಮಿಗೆ ಬೆಲೆ ಕೊಡೋ ಜಾಗ ಅಂತ ನನಗೆ ಅದರ ಮೇಲೆ ಗೌರವ. ಮುಂಚೇನೇ ಹೋಗಿ ಅಲ್ಲಿನ ಕೆಫೇಲಿ ಅಕ್ಕಿ ರೊಟ್ಟಿ ತಿನ್ನಿ. ಸಾಣೇಹಳ್ಳಿ, ನೀನಾಸಂ ಕಡೆ ನಾಟಕ ನೋಡಿ ಬೆಳೆದವರಿಗೆ ಈ ರಂಗಮಂದಿರದ ಒಳಗೆ ಕೂತ ತಕ್ಷಣ ನಮ್ಮ ಮನೆಗೇ ಬಂದ ಹಂಗನ್ಸತ್ತೆ.

ಓಡಾಟದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಜನ ಹೆದರೋದು ಇದಕ್ಕೇ. ಮೆಟ್ರೋ 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್ ತನಕ ಶುರುವಾಗಿದ್ದು, ಈಗ ನೇರಳೆ ಲೈನು ವೈಟ್‌ಫೀಲ್ಡಿಂದ ಚಲ್ಲಘಟ್ಟ, ಹಸಿರು ಮಾದಾವರದಿಂದ ರೇಷ್ಮೆ ಸಂಸ್ಥೆ, 2025ರ ಆಗಸ್ಟಲ್ಲಿ ಬಂದ ಹಳದಿ ಆರ್.ವಿ. ರೋಡಿಂದ ಬೊಮ್ಮಸಂದ್ರ. ನಿಮಗೆ ಈ ಎರಡು ದಿನಕ್ಕೆ ಬೇಕಾಗಿರೋದು ಹಸಿರು ಮತ್ತೆ ನೇರಳೆ, ಎರಡೂ ಸೇರೋದು ಮೆಜೆಸ್ಟಿಕ್ಕಲ್ಲಿ. 2025ರ ಫೆಬ್ರವರೀಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದ್ರು, ಅದು ದಿನಾ ಓಡಾಡೋ ಬಡವರಿಗೆ ಭಾರಾನೇ, ನನಗೆ ಅದರ ಬಗ್ಗೆ ಇವತ್ತಿಗೂ ಬೇಜಾರಿದೆ. ಆದ್ರೆ ನೀವು ಓಡಾಡೋದು ಹತ್ತಿರ ಹತ್ತಿರ, ಅಷ್ಟೇನೂ ಆಗಲ್ಲ, ಟಿಕೆಟ್ಟನ್ನ ಫೋನಲ್ಲೇ ತಗೊಂಡು ಕ್ಯೂಆರ್ ತೋರಿಸಿ ಹೋಗ್ಬಹುದು. ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಇಟ್ಕೊಂಡಿರಿ. ಆಟೋ ವಿಷಯಕ್ಕೆ ಬಂದ್ರೆ, 2025ರ ಆಗಸ್ಟ್ ಒಂದರಿಂದ ಮೀಟರ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಅಂತ ಆಯ್ತು, ಈ ಲೆಕ್ಕ ಗೊತ್ತಿದ್ರೆ ಯಾರಾದ್ರೂ ಮುನ್ನೂರು ಕೇಳಿದಾಗ ಮಾತಾಡೋಕೆ ಧೈರ್ಯ ಬರತ್ತೆ. ಆ್ಯಪಲ್ಲಿ ಬುಕ್ ಮಾಡಿದ್ರೆ ಕ್ಯಾನ್ಸಲ್ ಆಗೋದು ಇದ್ದಿದ್ದೇ, ಒಂದ್ಸಲ ಅಪ್ಪ ಅಮ್ಮನ್ನ ಕರ್ಕೊಂಡು ಮಳೇಲಿ ಒಂದೇ ಜಾಗದಲ್ಲಿ ನಿಂತು, ಒಂದಾದ್ಮೇಲೆ ಒಂದು ಆಟೋ ಕ್ಯಾನ್ಸಲ್ ಆಗಿ, ಕೊನೆಗೆ ದಾರೀಲಿ ಹೋಗ್ತಿದ್ದ ಒಬ್ಬ ಆಟೋದವರು ತಾವಾಗೇ ನಿಲ್ಲಿಸಿ ಮೀಟರ್ ಹಾಕಿ ಮನೆ ಬಾಗಿಲ ತನಕ ಬಿಟ್ರು, ದಾರಿಯುದ್ದ ಅಪ್ಪನ ಹತ್ತಿರ ತುಮಕೂರು ಕಡೆ ರಾಗಿ ಬೆಳೆ ಬಗ್ಗೆ ಮಾತಾಡ್ಕೊಂಡು. ಕನ್ನಡದಲ್ಲಿ ಮಾತು ಶುರು ಮಾಡಿದ್ರೆ ಸಾಕು, ಅರ್ಧ ಆಟೋದವರು ಯಾವುದಾದ್ರೂ ಊರಿಂದ ಬಂದವರೇ.

ಭಾನುವಾರ ಕಬ್ಬನ್ ಪಾರ್ಕು. ಅವತ್ತು ಪಾರ್ಕಿನೊಳಗೆ ಗಾಡಿ ಬಿಡಲ್ಲ, ಇಡೀ ರಸ್ತೆ ನಡೆಯೋರದ್ದು, ಸೈಕಲ್ ಕಲೀತಿರೋ ಮಕ್ಕಳದ್ದು. 1870ರಲ್ಲಿ ಬ್ರಿಟಿಷ್ ಇಂಜಿನಿಯರ್ ಸ್ಯಾಂಕಿ ಮಾಡಿದ ಪಾರ್ಕು, ಒಳಗೆ ಶೇಷಾದ್ರಿ ಅಯ್ಯರ್ ಹೆಸರಿನ ಕೆಂಪು ಲೈಬ್ರರಿ, ಅಂಚಲ್ಲಿ 1868ರ ಅಠಾರ ಕಚೇರಿ, ಈಗ ಹೈಕೋರ್ಟು, ಅದರ ಎದುರು ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ವಿಧಾನಸೌಧ. ಕೆಂಪು ಇಟ್ಟಿಗೆ ಬಣ್ಣದ್ದು ಒಂದು ಕಡೆ, ನಮ್ಮದೇ ಗ್ರಾನೈಟಿಂದು ಇನ್ನೊಂದು ಕಡೆ, ಮಧ್ಯದ ರಸ್ತೇಲಿ ನಿಂತು ಎರಡನ್ನೂ ಒಟ್ಟಿಗೆ ನೋಡ್ಬೇಕು. ವಿಧಾನಸೌಧದ ಒಳಗೆ ಗೈಡ್ ಜೊತೆ ನೋಡೋ ವ್ಯವಸ್ಥೆ 2025ರಲ್ಲಿ ಭಾನುವಾರಗಳಿಗೆ ಶುರುವಾಯ್ತು, ಆನ್‌ಲೈನಲ್ಲಿ ಬುಕ್ ಮಾಡ್ಕೊಂಡು ಬನ್ನಿ. ನಾವು ಓಟು ಹಾಕಿ ಕಳಿಸಿದವರು ಕೂರೋ ಜಾಗ, ಊರಿಂದ ಬಂದವರು ಗೇಟಿನ ಹೊರಗೆ ಸೆಲ್ಫಿ ತಗೊಂಡು ಹೋಗೋದು ಯಾಕೆ?

ಅಲ್ಲಿಂದ ಚರ್ಚ್ ಸ್ಟ್ರೀಟಿಗೆ ನಡೀಬಹುದು, ಬ್ಲಾಸಮ್ಸ್, ಬುಕ್‌ವರ್ಮ್ ಅಂತ ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಗಳು, ಇಂಡಿಯಾ ಕಾಫಿ ಹೌಸು. ಯುವಕರಿಗೆ ಇಷ್ಟ ಆಗತ್ತೆ. ನನ್ನ ಥರದೋರು ಮಲ್ಲೇಶ್ವರಕ್ಕೆ ಹೋಗಿ ಸಿಟಿಆರ್ ಬೆಣ್ಣೆ ದೋಸೆ ತಿಂದು, ಕಾಡು ಮಲ್ಲೇಶ್ವರ ಗುಡಿ ನೋಡಿ, ಎಂಟನೇ ಕ್ರಾಸಲ್ಲಿ ಹೂ ಹಣ್ಣು ಕೊಳ್ತಾ ಅಡ್ಡಾಡಿ ಬರ್ತಾರೆ. ಮಾಂಸಾಹಾರ ತಿನ್ನೋರಿಗೆ ಭಾನುವಾರ ಮಧ್ಯಾಹ್ನ ಅಂದ್ರೆ ಮಿಲಿಟರಿ ಹೋಟ್ಲು, ಜಯನಗರದ ಶಿವಾಜಿ ಮಿಲಿಟರಿ ಹೋಟ್ಲಿನ ದೊನ್ನೆ ಬಿರಿಯಾನಿಗೆ ಬೇಗ ಹೋಗ್ಬೇಕು, ತಡ ಮಾಡಿದ್ರೆ ಖಾಲಿ. ಮಾಲುಗಳು ಬೇಡ, ಅವು ಎಲ್ಲಾ ಊರಲ್ಲೂ ಒಂದೇ ಥರ. ನಂದಿಬೆಟ್ಟಕ್ಕೆ ವೀಕೆಂಡ್ ಸೂರ್ಯೋದಯಕ್ಕೆ ಹೋದ್ರೆ ಬೆಟ್ಟದ ಬುಡದಲ್ಲೇ ಗಾಡಿ ಸಾಲು, ಅದನ್ನ ವಾರದ ಮಧ್ಯೆ ಯಾವಾಗಾದ್ರೂ ಇಟ್ಕೊಳ್ಳಿ.

ವಾಪಸ್ ಹೋಗೋ ಬಸ್ಸಿನ ಬಗ್ಗೆ ಒಂದು ಮಾತು. ಭಾನುವಾರ ರಾತ್ರಿ ಊರಿಂದ ಹೊರಗೆ ಹೋಗೋ ರಸ್ತೆಗಳೆಲ್ಲ ತುಂಬಿರ್ತಾವೆ, ಮೆಜೆಸ್ಟಿಕ್ಕಲ್ಲಿ ಬಸ್ಸು ಹತ್ತಿದ್ರೆ ಯಶವಂತಪುರ ದಾಟೋಕೇ ಮುಕ್ಕಾಲು ಗಂಟೆ ಹೋಗಬಹುದು. ತುಮಕೂರು ರೋಡಲ್ಲಿ ಹೋಗೋ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆ ಬಸ್ಸಾದ್ರೆ ಬುಕ್ ಮಾಡುವಾಗಲೇ ಗೊರಗುಂಟೆಪಾಳ್ಯದ ಕಡೆ ಪಿಕಪ್ ಕೊಟ್ಟು, ಹಸಿರು ಲೈನಲ್ಲಿ ಅಲ್ಲಿ ತನಕ ಆರಾಮಾಗಿ ಕೂತ್ಕೊಂಡು ಹೋಗಿ, ಮೈಸೂರು ಕಡೆಯವರು ನೇರಳೆ ಲೈನ್ ಹಿಡಿದು ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಹೋಗಿ. ಹಂಗೆ ಉಳಿದ ಗಂಟೇಲಿ ಇನ್ನೊಂದು ಕಾಫಿ ಕುಡೀಬಹುದು.